ಪಕ್ಕದ ಮನೆಯಕ್ಕ ಕೊಟ್ಟ ಬಾವುಟ

ಮನೆ ಖಾಲಿ ಮಾಡಲೆಂದು ಬೀರು ತೆಗೆದಾಗ ಸೀರೆಗಳ ನಡುವಿನಿಂದ ಆ ವಾಸನೆ ಬಂತು. ಒದ್ದೆ ಹಗ್ಗದ ವಾಸನೆ, ಕಡಲ ಪಾಚಿಯ ವಾಸನೆ. ಅಲ್ಲಿದ್ದ ಡಬ್ಬಿಯೊಳಗೆ ಹಳದಿಗಟ್ಟಿದ ಬಟ್ಟೆ, ಅದರ ಮಧ್ಯೆ ಮಸಿಯಲ್ಲಿ ಬರೆದ ಒಂದೇ ಅಕ್ಷರ. ಇಷ್ಟು ವರ್ಷವಾದರೂ ಕೈಗೆ ತೇವ ತಾಗಿತು...

ಮೊಮ್ಮಕ್ಕಳೇ, ಪರದೇಶದ ಈ ಬಂದರೂರು ರಿಂಗಾಸ್ಕಿಡಿಗೆ ಬಂದ ಹೊಸತರಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಜಪಾನಿನ ಮುದುಕಿಯೊಬ್ಬರಿದ್ದರು. ಇಲ್ಲಿಯ ಹಡಗಿನವನನ್ನು ಮದುವೆಯಾಗಿ ಬಂದವರು. ಆ ಹೊತ್ತಿಗೆ ಗಂಡ ತೀರಿ ನನ್ನಂತೆಯೇ ಒಂಟಿ. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಹಳ್ಳಿ ಶಾಲೆಯಲ್ಲಿ ಕಲಿತ ನನಗೆ ಯಾರೊಡನೆ ಮಾತಾಡಲೂ ನಾಚಿಕೆ. ಅವರ ಇಂಗ್ಲಿಷೂ ನನ್ನದರಷ್ಟೇ ಮುರುಕಲು. ಹಾಗಾಗಿ ನಮಗೆ ಹೊಂದಿತು.

ತಮ್ಮ ಹಿರಿಯರು ಕಡಲ್ಗಳ್ಳರೆಂದು ಅಕ್ಕ ಹೇಳುತ್ತಿದ್ದರು, ನಮ್ಮಲ್ಲಿ ಶಾನುಭೋಗರ ಮನೆತನ ಎನ್ನುವಷ್ಟು ಹೆಮ್ಮೆಯಿಂದ. ನೂರಾರು ವರ್ಷಗಳ ಹಿಂದೆ ಜಪಾನಿನ ದ್ವೀಪಗಳ ನಡುವಿನ ಇಕ್ಕಟ್ಟಾದ ನೀರು ಅವರ ಕೈಯಲ್ಲಿತ್ತಂತೆ. ಸುಂಕ ಕೊಟ್ಟ ಹಡಗಿಗೆ ತಮ್ಮ ಗುರುತಿನ ಬಾವುಟ ಕೊಡುತ್ತಿದ್ದರು. ಅದನ್ನು ಕಂಡರೆ ಬೇರೆ ಕಳ್ಳರು ಹತ್ತಿರ ಸುಳಿಯುತ್ತಿರಲಿಲ್ಲ. ಬಾವುಟದ ಜೊತೆ ಕಾವಲಿಗೆ ತಮ್ಮವನೊಬ್ಬನನ್ನೂ ಹಡಗು ಹತ್ತಿಸುತ್ತಿದ್ದರು.

ಒಂದು ಬೇಸಿಗೆಯಲ್ಲಿ ನಿಮ್ಮಪ್ಪ ನಮ್ಮನ್ನೆಲ್ಲ ಹಡಗಿನಲ್ಲಿ ಫ್ರಾನ್ಸಿಗೆ ಹೊರಡಿಸಿದ. ನನಗೆ ನೀರೆಂದರೆ ಭಯ. ಅಕ್ಕ ಈ ಡಬ್ಬಿ ತಂದು ಕೈಗಿತ್ತರು.

“ತಗೊಂಡು ಹೋಗು. ಬಂದ ತಕ್ಷಣ ವಾಪಸ್ ಕೊಡ್ಬೇಕು. ಬಾವುಟ ನನ್ನ ಕೈ ಸೇರಿದ್ರೆ ಮಾತ್ರ ಜೊತೆಗೆ ಬಂದವನು ಇಳೀತಾನೆ.”

“ಇಳೀದಿದ್ರೆ?” ಎಂದು ನಕ್ಕೆ. ಅವರು ನಗಲಿಲ್ಲ.

ಹಡಗಿನಲ್ಲಿ ಊಟಕ್ಕೆಂದು ಕುರ್ಚಿ ಎಳೆದಾಗ, ನಿಮ್ಮಲ್ಲಿ ದೊಡ್ಡವಳು, ಆಗಿನ್ನೂ ಪುಟ್ಟ ಹುಡುಗಿ, ನನ್ನ ಸೆರಗು ಜಗ್ಗಿದಳು. “ಅಜ್ಜಿ, ನಾಟ್ ದೇರ್! ಅಂಕಲ್ ಕೂತಿದ್ದಾರೆ. ಫುಲ್ ವೆಟ್!”

“ಟವಲ್ ಬೇಕಾ ಕೇಳು,” ಎಂದು ನಿಮ್ಮಪ್ಪ ತಮಾಷೆ ಮಾಡಿದ.

ಅವಳು ಖಾಲಿ ಕುರ್ಚಿಯತ್ತ ಬಾಗಿ ಕೇಳಿದಳು, ಕಾದಳು, ತಲೆಯಾಡಿಸಿದಳು. “ನೋ, ಹಿ ಈಸ್ ಗ್ರ್ಯಾಂಡ್.” ಏನೂ ಬೇಡ, ಆರಾಮಾಗಿದ್ದಾರೆ ಎನ್ನಲು ಇಲ್ಲಿಯವರು ಹೇಳುವುದು ಹಾಗೆಯೇ.

ಕುರ್ಚಿಯ ಕೆಳಗೆ ನೆಲ ಒದ್ದೆಯಾಗಿತ್ತು...

ಮರಳಿದ ಸಂಜೆಯೇ ಬಾವುಟ ಕೊಡಬಹುದಿತ್ತು. ಆದರೆ ಇನ್ನೊಬ್ಬರ ಡಬ್ಬಿಯನ್ನು ಏನೂ ಹಾಕದೆ ಹಿಂದಿರುಗಿಸುವ ರೂಢಿ ನಮ್ಮಲ್ಲಿಲ್ಲ. ರವೆ ಉಂಡೆ ಕಟ್ಟಿಕೊಂಡು ಬೆಳಿಗ್ಗೆ ಹೋದರೆ ಬಾಗಿಲಲ್ಲಿ ಆಂಬುಲೆನ್ಸ್. ಅಕ್ಕ ಕಿಟಕಿಯ ಬಳಿ ಕೂತಲ್ಲೇ, ನಮ್ಮ ಮನೆಯತ್ತ ಮುಖ ಮಾಡಿ, ತೀರಿಕೊಂಡಿದ್ದರು. ಬಾವುಟ ತೆಗೆದುಕೊಳ್ಳಲು ಅವರಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಮುರುಕಲು ಮಾತಿನಲ್ಲಿ ನನ್ನ ಮನಸ್ಸು ತಿಳಿಯುವ ಗೆಳತಿ ನನಗೂ ಮತ್ತೆ ಸಿಗಲಿಲ್ಲ.

ಮೇಜಿನ ಕೊನೆಯ ಕುರ್ಚಿಯಲ್ಲಿ ಅಜ್ಜಿ ಯಾರನ್ನೂ ಕೂರಗೊಡುವುದಿಲ್ಲವೆಂದು ನೀವು ನಗುತ್ತಿದ್ದಿರಿ. ಕಾರಣ ಇದು.

ನಾಳೆ ನಾವು ಒಳನಾಡಿನ ಅತ್ಲೋನ್ ಊರಿಗೆ ಹೊರಟಿದ್ದೇವೆ. ಅಲ್ಲಿ ಕಡಲಿಲ್ಲ. ಇವತ್ತು ಸಾಮಾನು ಸಾಗಿಸುವವರು ಬಂದಿದ್ದರು. ಉಳಿದ ಕುರ್ಚಿಗಳನ್ನು ಒಬ್ಬನೇ ಎತ್ತಿಕೊಂಡು ಹೋದ. ಆ ಒಂದು ಕುರ್ಚಿಗೆ ಇಬ್ಬರು ಬೇಕಾದರು.