ನನ್ನ ಕೋಲು ಸೀಟು ಹಿಡಿದದ್ದು

ಮಾನ್ವಿಯಲ್ಲಿರುವ ನನ್ನ ಅಕ್ಕನಿಗೆ ಲಕ್ವಾ ಹೊಡೆದು ಎಡಗೈ, ಎಡಗಾಲು ಬಿದ್ದುಹೋಗಿವೆ. ಅವಳು ಬರುವಂತಿಲ್ಲ. ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಮೇಲೆ ನಾನೂ ಹೋಗಿರಲಿಲ್ಲ. ಕೋಲು ಹಿಡಿದು ನಡೆಯುವಂತಾದಾಗ ಹೋಗಿಯೇ ಹೋಗುತ್ತೇನೆಂದು ಹಟ ಮಾಡಿದೆ. ಮೊಮ್ಮಕ್ಕಳೇ, ನಿಮ್ಮಪ್ಪ, "ಯವ್ವಾ, ಒಂದು ಸಲ ಹೋಗಿ ನೋಡು. ಬಸ್ ಹತ್ತಾಕ ಆಗ್ಲಿಲ್ಲಂದ್ರ ಮತ್ತ ಹೋಗೋ ಮಾತು ಎತ್ತಬ್ಯಾಡ" ಅಂದ. ತಲೆಯಾಡಿಸಿದೆ. ನಾನು ಹೆಚ್ಚು ಮಾತಾಡುವವಳಲ್ಲ, ನಿಮಗೇ ಗೊತ್ತು.

ದೇವದುರ್ಗದ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಒಬ್ಬ ಮುದುಕಿ ಕೂತಿದ್ದಳು. ಕಾಲು ಗಟ್ಟಿ, ಕಣ್ಣು ಮಬ್ಬು. ಅವಳೂ ಮಾನ್ವಿಗೇ ಹೊರಟವಳು. "ಬೋರ್ಡಿನ್ಯಾಗ ಏನು ಬರದಾರಬೇ?" ಎಂದು ಪ್ರತಿ ಬಸ್ಸಿಗೂ ಕೇಳುತ್ತಿದ್ದಳು. ನಾಲ್ಕನೇ ಇಯತ್ತೆ ಓದಿದ ನಾನು ಪಾಠ ಒಪ್ಪಿಸುವವಳಂತೆ ಓದಿ ಹೇಳುತ್ತಿದ್ದೆ.

ಮಾನ್ವಿ ಬಸ್ಸು ಬಂದದ್ದೇ ಜನ ಬಾಗಿಲಿಗೆ ಮುಗಿಬಿದ್ದರು. ಕೆಲವರು ಕಿಟಕಿಯಿಂದ ಟವೆಲ್, ಚೀಲ ಒಗೆದು ಸೀಟು ಹಿಡಿಯುತ್ತಿದ್ದರು. "ನಮ್ದೂ ಒಂದು ಹಾಕೋಣು ತಾ" ಎಂದವಳೇ ಅವಳು ನನ್ನ ಕೈಯ ಕೋಲು ಕಿತ್ತು ಕಿಟಕಿಯೊಳಗೆ ತೂರಿಬಿಟ್ಟಳು! ಕೋಲಿಲ್ಲದೆ ನಾನು ನಡೆಯುವುದು ಹೇಗೆ? ಅವಳ ಹೆಗಲು ಹಿಡಿದು ಎರಡು ಹೆಜ್ಜೆ ಇಡುವಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೊರಟಿತು.

"ನಿಲ್ಸ್ರೀ! ನಮ್ಮನ್ನ ಬಿಟ್ಟು ಕೋಲು ಹೊಂಟದ!"

ಅಷ್ಟು ದೊಡ್ಡ ದನಿ ನನ್ನದೇ ಎಂದು ತಿಳಿದು ಸೆರಗು ಬಾಯಿಗೆ ಒತ್ತಿಕೊಂಡೆ. ಬಸ್ಸು ನಿಂತಿತು. ನಾನು ದಾರಿ ಹೇಳುತ್ತ, ಅವಳು ನನ್ನ ಭಾರ ಹೊರುತ್ತ, ಇಬ್ಬರೂ ಕಿಸಕಿಸ ನಗುತ್ತ ಬಾಗಿಲು ಮುಟ್ಟಿದೆವು. ಮೇಲಿನಿಂದ ಕಂಡಕ್ಟರ್ ಎಳೆದ, ಹಿಂದಿನಿಂದ ಅವಳು ನೂಕಿದಳು.

ಒಳಗೆ ಕಾಲಿಡಲು ಜಾಗವಿಲ್ಲ. ಆದರೂ ಒಂದು ಸೀಟಿನ ತುಂಬ ನನ್ನ ಕೋಲು ಆರಾಮಾಗಿ ಮಲಗಿತ್ತು. ಯಾರೂ ಅದನ್ನು ಮುಟ್ಟಿರಲಿಲ್ಲ.

"ಯವ್ವಾ, ನಿಮ್ಮ ಕೋಲು ಗಂಡಸೋ ಹೆಂಗಸೋ? ಗಂಡಸಾದ್ರ ಟಿಕೆಟ್ ತಗೋಬೇಕ್ ನೋಡ್ರಿ" ಎಂದ ಕಂಡಕ್ಟರ್.

"ಅದೂ ನಮ್ಮಂಗ ಮುದುಕೀನ ಅದ, ಬಿಡಪಾ" ಎಂದಳು ನನ್ನ ಗೆಳತಿ.

ಇಡೀ ಬಸ್ಸು ನಕ್ಕಿತು. ನಗು ತಡೆಯಲಾಗದೆ ನನ್ನ ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲೇ ನಿಮ್ಮಪ್ಪನ ಫೋನು.

"ಹತ್ತಿದಿ? ಯಾರು ಹತ್ತಿಸಿದ್ರು?"

"ಎಲ್ಲಾರೂ" ಎಂದೆ.

ಕೋಲು ಸೀಟು ಹಿಡಿದದ್ದನ್ನೂ ಹೇಳಿದೆ. ಅವನು, "ಮುಂದಿನ ಸಲ ಹೊಂಟಾಗ ಒಂದು ಟವೆಲ್ ಕೊಟ್ಟು ಕಳಸ್ತೀನಿ" ಅಂದ.

ಅಕ್ಕನಿಗೆ ಇದನ್ನೆಲ್ಲ ಹೇಳಿದಾಗ ಅವಳು ಬಲಗೈಯಿಂದ ಮಂಚ ಬಡಿಬಡಿದು ನಕ್ಕಳು. "ಆಕೀನ್ನೂ ಕರ್ಕೊಂಡು ಬರಬೇಕಿಲ್ಲೇನ?" ಎಂದು ನನ್ನನ್ನೇ ಬೈದಳು.