ಬಾಗಿಲ ಪಕ್ಕ ಕೂತು ಒಲೆ ಅಳೆಯುವ ಕುಂಜೆಸ್

ಬೆಳಗಿನ ಐದೂಮುಕ್ಕಾಲು. ಅಕ್ಟೋಬರ್ ಮುಗಿಯುತ್ತ ಬಂದಿದೆ. ಲಡಾಖಿನ ಶಾಮ್ ಸೀಮೆಯ ಲುಂಗ್ಮಾರ್ ಹಳ್ಳಿಯಲ್ಲಿ ಕಾಲುವೆ ನೀರಿನ ಮೇಲೆ ಗಾಜಿನಂಥ ಹೆಪ್ಪು. ನಾಯಿಗಳೂ ಇನ್ನೂ ಎದ್ದಿಲ್ಲ. ಆದರೆ ಕುಂಜೆಸ್ ಆಂಗ್ಮೊ ಅವರ ಅಂಗಳದಲ್ಲಿ ಠಣ್ ಠಣ್ ಶುರುವಾಗಿ ಆಗಲೇ ಅರ್ಧ ಗಂಟೆ! ರಸ್ತೆ ಕೆಲಸದವರು ಬಿಟ್ಟುಹೋದ ಡಾಂಬರು ಡ್ರಮ್ಮೊಂದು ಅವರ ಮುಂದೆ ಸೀಳಿಕೊಂಡು ಬಿದ್ದಿದೆ. ಮೊಣಕಾಲಲ್ಲಿ ತಗಡು ಒತ್ತಿ ಹಿಡಿದು, ಸುತ್ತಿಗೆಯಿಂದ ಅಂಚು ಮಡಚುತ್ತಾರೆ. ಮೂರು ದಿನದಲ್ಲಿ ಈ ತಗಡು ಬುಖಾರಿ ಆಗುತ್ತದೆ. ಮನೆಯ ನಡುವೆ ಕೂತು, ಕೊಳವೆಯನ್ನು ಮಾಳಿಗೆಯಿಂದಾಚೆ ಚಾಚಿ, ಐದು ತಿಂಗಳ ಚಳಿಗಾಲ ಇಡೀ ಸಂಸಾರವನ್ನು ಕಾಯುವ ಸೌದೆ ಒಲೆ.

"ಹತ್ರ ಬರ್ಬೇಡಿ, ಕಿಡಿ ಹಾರುತ್ತೆ. ಆಮೇಲೆ ಜಾಕೆಟ್ ತೂತಾಯ್ತು ಅಂತ ಪೇಪರ್‌ನಲ್ಲಿ ಬರೀತೀರಾ!" ಅಂತ ನಗುತ್ತಾರೆ.

ಈ ಒಲೆ ಯಾರಿಗೆ ಅಂತ ಕೇಳಿದರೆ ಗದ್ದ ಎತ್ತಿ ಎದುರು ದಿಬ್ಬದ ಮನೆ ತೋರಿಸುತ್ತಾರೆ. ನೋಡಿದರೆ ಸಾಕು, ಗೊತ್ತಾಗಿಬಿಡುತ್ತದೆ. ಊರಿನ ಪ್ರತಿ ಮನೆಯ ಮಾಳಿಗೆ ಅಂಚಿನಲ್ಲೂ ಸೌದೆ ಒಪ್ಪವಾಗಿ ಜೋಡಿಸಿದೆ. ಆ ಸೌದೆಯನ್ನು ಯಾರೂ ಉರಿಸುವುದಿಲ್ಲ, ಅದು ಮನೆಯ ಮಾನ. ಆದರೆ ಆ ಮನೆಯ ಅಂಚಿನಲ್ಲಿ, ರಸ್ತೆಗೆ ನೇರ ಕಾಣುವ ಹಾಗೆ, ಒಂದು ದೊಡ್ಡ ಕಂಡಿ. ಮುಂದಿನ ಹಲ್ಲು ಬಿದ್ದ ಬಾಯಿಯ ಹಾಗೆ!

ಅದು ಯಂಗ್‌ಚನ್ ಅಜ್ಜಿಯ ಮನೆ. ಊರಿಗೆಲ್ಲ ಅವರು 'ಆಬಿ'. ಹೋದ ವರ್ಷ ಅವರ ಹಳೆ ಒಲೆಯ ತಳ ಸುಟ್ಟು ತೂತಾಯಿತು. ಮನೆಅಳಿಯ ಜಿಗ್ಮತ್ ಉತ್ಸಾಹದಲ್ಲಿ ಲೇಹ್‌ಗೆ ಹೋಗಿ, ಗಾಜಿನ ಬಾಗಿಲಿನ, ಎಮ್ಮೆ ಗಾತ್ರದ ಒಲೆಯೊಂದನ್ನು ಟ್ಯಾಕ್ಸಿ ಮೇಲೆ ಕಟ್ಟಿಕೊಂಡು ಬಂದ. ಇಡೀ ಊರು ಬಂದು ನೋಡಿತು. ಜೋರಾಗಿ ಉರಿಸಿದರೆ ಕಿಟಕಿ ತೆಗೆಯುವಷ್ಟು ಸೆಕೆ, ಗಾಳಿ ತಗ್ಗಿಸಿದರೆ ಕಣ್ಣು ಬಿಡಲಾಗದ ಹೊಗೆ. ದಿನಕ್ಕೆ ಮೂರು ಬುಟ್ಟಿ ಸೌದೆ ನುಂಗಿತು. ಜನವರಿ ನಡುವಿಗೆ ಅಂಗಳದ ರಾಶಿ ಖಾಲಿ! ಆಮೇಲೆ ಆಬಿಯ ಅತ್ತೆ ಐವತ್ತು ವರ್ಷದ ಹಿಂದೆ ಜೋಡಿಸಿದ್ದ ಮಾಳಿಗೆ ಸೌದೆಗೇ ಕೈ ಹಾಕಬೇಕಾಯಿತು. ಅವತ್ತಿನಿಂದ ಆಬಿ ರಸ್ತೆ ಕಡೆಯ ಕಿಟಕಿ ಹತ್ತಿರ ಕೂರುವುದನ್ನೇ ಬಿಟ್ಟಿದ್ದಾರೆ. ಈ ಚಳಿಗಾಲದಲ್ಲೂ ಸೌದೆ ಸಾಲದಿದ್ದರೆ ಉಳಿದ ಅಂಚೂ ಹೋಗುತ್ತದೆ. ಅದಕ್ಕೇ ಈ ಸಲ ಕುಂಜೆಸ್‌ಗೆ ಕರೆ.

ನಲವತ್ತೇಳರ ಕುಂಜೆಸ್ ಕಮ್ಮಾರರ ಮಗಳು. ತಂದೆಯ ಕಣ್ಣು ಮಂಜಾದಾಗ, ಹತ್ತೊಂಬತ್ತನೇ ವಯಸ್ಸಿಗೆ ಸುತ್ತಿಗೆ ಹಿಡಿದರು. "ಹೆಂಗಸು ಬಡಿದ ಒಲೆ ಸೀಳುತ್ತೆ ಅಂತಿದ್ರು. ಸೀಳಿದ್ರೆ ತಂದು ನನ್ನ ತಲೆ ಮೇಲೆ ಹಾಕಿ ಅಂದೆ. ಒಂದೂ ವಾಪಸ್ ಬರ್ಲಿಲ್ಲ, ನೋಡಿ, ತಲೆ ಗಟ್ಟಿಯಾಗೇ ಇದೆ." ಸೆಪ್ಟೆಂಬರಿನಿಂದ ನವೆಂಬರಿನವರೆಗೆ ಇಪ್ಪತ್ತೈದು ಒಲೆ. ಒಂದೊಂದೂ ಹದಿನೆಂಟು ಕಿಲೋ, ರಸ್ತೆಯಿಲ್ಲದ ಮನೆಗಳಿಗೆ ಬೆನ್ನ ಮೇಲೆ ಹೊತ್ತೇ ಹೋಗಬೇಕು. ಬಡಿದು ಬಡಿದು ಎಡಗಿವಿ ಅರ್ಧ ಮಂದ. "ಒಳ್ಳೇದೇ ಆಯ್ತು. ಗಿರಾಕಿಗಳು ಬೈದ್ರೆ ಈ ಕಿವಿ ಕೊಡ್ತೀನಿ."

ಒಲೆಗೆ ಅಳತೆ ತೆಗೆಯುವ ಅವರ ರೀತಿಯೇ ಬೇರೆ. ಹೋದ ವಾರ ಆಬಿ ಮನೆಗೆ ಹೋದಾಗ ಜಿಗ್ಮತ್ ಅಳತೆ ಟೇಪು ಹಿಡಿದು ಕಾದಿದ್ದ. ಇವರು ಕೋಣೆ ಕಡೆ ತಿರುಗಿಯೂ ನೋಡಲಿಲ್ಲ, ಸೀದಾ ಅಂಗಳದ ಸೌದೆ ರಾಶಿಗೆ ಹೋದರು!

"ಅಕ್ಕಾ, ಕೋಣೆ ಒಳಗಿದೆ," ಅಂದ ಜಿಗ್ಮತ್.

"ಕೋಣೆ ಉರಿಯಲ್ವಲ್ಲಪ್ಪ, ಉರಿಯೋದು ಇದು. ಎಷ್ಟು ಬುಟ್ಟಿ?"

"ಬೆರಣಿನೂ ಸೇರಿ ಇನ್ನೂರ ಹತ್ತು."

"ಚಳಿ ನೂರೈವತ್ತು ದಿನ. ದಿನಕ್ಕೆ ಒಂದೂಕಾಲು ಬುಟ್ಟಿ ತಿನ್ನೋ ಒಲೆ ಮಾಡ್ತೀನಿ. ಅದಕ್ಕಿಂತ ದೊಡ್ಡ ಹೊಟ್ಟೆ ನಿಮ್ಮನೇಲಿ ಬೇಡ."

"ಇರೋ ದೊಡ್ಡ ಹೊಟ್ಟೆ ಒಂದೇ ಸಾಕು ನಮಗೆ," ಅಂತ ಒಳಗಿಂದ ಆಬಿ ಅಳಿಯನನ್ನು ಚುಚ್ಚಿದರು. ಜಿಗ್ಮತ್ ತನ್ನ ಹೊಟ್ಟೆ ನೋಡಿಕೊಂಡ.

ಆಮೇಲೆ ಕುಂಜೆಸ್ ರಾಶಿಯಿಂದ ಒಂದು ವಿಲೋ ಮರದ ಕೊಂಬೆ ಎಳೆದು ಗೇಣು ಹಾಕಿದರು. ಎರಡು ಗೇಣು, ನಾಲ್ಕು ಬೆರಳು. ಒಲೆಯ ಉದ್ದ ಅಷ್ಟೇ. ಆ ಮನೆಯ ಕೊಡಲಿ ಕಡಿಯುವ ಉದ್ದಕ್ಕೆ ಆ ಮನೆಯ ಒಲೆ. ಎಷ್ಟು ಸರಳ! ಮೇಲೆ ಎರಡು ಕಣ್ಣು, ಒಂದು ಚಹಾಕ್ಕೆ, ಇನ್ನೊಂದು ಸಾರಿಗೆ.

ಮೂರನೇ ದಿನ ಒಲೆ ತಯಾರು. ಕುಂಜೆಸ್ ಅದನ್ನು ಬೆನ್ನಿಗೆ ಬಿಗಿದು ದಿಬ್ಬ ಹತ್ತುತ್ತಾರೆ. ಜಿಗ್ಮತ್ ಕೊಳವೆ ಹೊತ್ತು ಹಿಂದೆ. ಜೋಡಿಸಿ, ಬೆಂಕಿ ಕೊಟ್ಟು, ಎಲ್ಲರೂ ಸುತ್ತ ಕೂರುತ್ತಾರೆ. ಆದರೆ ಕುಂಜೆಸ್ ಹೋಗಿ ಬಾಗಿಲ ಪಕ್ಕ ಕೂರುತ್ತಾರೆ, ಚಳಿ ಒಳನುಗ್ಗುವ ಜಾಗದಲ್ಲಿ!

ಇದಕ್ಕೊಂದು ಕತೆಯಿದೆ. ಇಲ್ಲಿ ಮನೆಯೊಳಗೆ ಕೂರುವುದಕ್ಕೂ ಒಂದು ಸಾಲು. ಹಿರಿಯರು ಒಲೆಯ ಬಳಿ; ಸಾಲಿನ ಕೊನೆಯಲ್ಲಿ, ಬಾಗಿಲ ಹತ್ತಿರ, ಕೆಳಜಾತಿ ಎನಿಸಿಕೊಂಡ ಕಮ್ಮಾರ. "ನಮ್ಮಪ್ಪ ಊರಿಗೆಲ್ಲ ಒಲೆ ಮಾಡಿ, ಪ್ರತಿ ಮನೇಲೂ ಒಲೆಯಿಂದ ದೂರ ಕೂತ. ಅಲ್ಲಿ ಕೂತೇ ಕಲ್ತ. ಒಲೆ ಪಕ್ಕ ಕೂತೋರಿಗೆ ಎಲ್ಲಾ ಒಲೆನೂ ಚೆನ್ನಾಗೇ ಇರುತ್ತೆ. ಬಾಗಿಲಲ್ಲಿ ಕೂತೋನಿಗೆ ಮಾತ್ರ ನಿಜ ಗೊತ್ತಾಗೋದು."

ಹಾಗಾಗಿ ಪರೀಕ್ಷೆ ನಡೆಯುವುದು ಬಾಗಿಲಲ್ಲೇ. ಅಲ್ಲೂ ಸೆಕೆಯಾಗಿ ಕುಂಜೆಸ್ ತಮ್ಮ ಉಣ್ಣೆ ನಿಲುವಂಗಿಯ ಸೊಂಟಪಟ್ಟಿ ಬಿಚ್ಚಿದರೆ ಒಲೆ ಪಾಸು. ಎಲ್ಲರ ಕಣ್ಣೂ ಆ ಪಟ್ಟಿ ಮೇಲೆ. ಮೊದಲ ಬುಟ್ಟಿ ಅರ್ಧ ಆಯಿತು. ಉಪ್ಪು-ಬೆಣ್ಣೆ ಚಹಾ ಎರಡು ಸುತ್ತು ಆಯಿತು. ಪಟ್ಟಿ ಅಲ್ಲಾಡಲಿಲ್ಲ.

"ಬಿಚ್ಚಮ್ಮ, ನನ್ನ ಮರ್ಯಾದೆ ನಿನ್ನ ಸೊಂಟದಲ್ಲಿದೆ!" ಅಂದ ಜಿಗ್ಮತ್.

"ಸುಮ್ನಿರೋ. ಹೋದ ವರ್ಷ ಮಾಳಿಗೆ ಬಿಚ್ಚಿದ್ದು ಸಾಕು," ಅಂದರು ಆಬಿ.

ಕುಂಜೆಸ್ ಎದ್ದು, ಕೊಳವೆಯಲ್ಲಿ ಗಾಳಿ ತಡೆಯುವ ತಗಡನ್ನು ಎರಡು ಬೆರಳಷ್ಟು ತಿರುಗಿಸಿ, ಮತ್ತೆ ಬಾಗಿಲಿಗೇ ಹೋಗಿ ಕೂತರು. ಒಲೆ ಗುಂಯ್ ಅಂದಿತು. ಸ್ವಲ್ಪ ಹೊತ್ತಿಗೆ ಕೆನ್ನೆ ಕೆಂಪಾಯಿತು. ಮೆಲ್ಲಗೆ ಕೈ ಸೊಂಟಕ್ಕೆ ಹೋಯಿತು, ಗಂಟು ಬಿಚ್ಚಿತು. ಮನೆಯೆಲ್ಲ ಹೋ ಅಂತ ಕೂಗು!

"ಇಲ್ಲಿ ಬಾ, ಒಲೆ ಹತ್ರ ಕೂತ್ಕೊ," ಅಂತ ಆಬಿ ಕರೆದರು.

"ಬೇಡ ಆಬಿ, ನಂದು ಇಲ್ಲೇ. ಸೌದೆ ಲೆಕ್ಕ ಮಾರ್ಚಿಗೆ ನೋಡೋಣ."

ಈಗ ಮಾರ್ಚ್ ಕೊನೆ. ಜರ್ದಾಲು ಮರಗಳಲ್ಲಿ ಮೊಗ್ಗು. ಕುಂಜೆಸ್ ಜೊತೆ ಅದೇ ದಿಬ್ಬ ಹತ್ತುವಾಗ ರಸ್ತೆಯಿಂದಲೇ ಕಾಣುತ್ತದೆ, ಮಾಳಿಗೆ ಮೇಲೆ ಜಿಗ್ಮತ್! ಅಂಗಳದಲ್ಲಿ ಉಳಿದ ಸೌದೆಯನ್ನು ಮೇಲೆ ಸಾಗಿಸಿ ಕೊನೆಯ ಸಾಲು ಜೋಡಿಸುತ್ತಿದ್ದಾನೆ. ಕಂಡಿ ಮುಚ್ಚಿದೆ. ಸುತ್ತಲಿನ ಹಳೆ ಸೌದೆ ಕಪ್ಪು, ನಡುವೆ ಹೊಸದು ಹಳದಿ. "ನೋಡಕ್ಕಾ, ಆಬಿಗೆ ಚಿನ್ನದ ಹಲ್ಲು ಕಟ್ಟಿಸ್ದೆ!" ಅಂತ ಮೇಲಿಂದಲೇ ಕೂಗುತ್ತಾನೆ.

ಒಳಗೆ ಒಲೆ ಸಣ್ಣಗೆ ಉರಿಯುತ್ತಿದೆ. ಕುಂಜೆಸ್ ಎಂದಿನಂತೆ ಬಾಗಿಲ ಪಕ್ಕ ಕೂರುತ್ತಾರೆ. ಆಬಿ ತಮ್ಮ ಚಹಾ ಬಟ್ಟಲು ಹಿಡಿದು ಒಲೆಯ ಬಳಿಯಿಂದ ಏಳುತ್ತಾರೆ, ಗೋಡೆ ಹಿಡಿದು ನಿಧಾನ ನಡೆದು ಬಂದು ಕುಂಜೆಸ್ ಪಕ್ಕ ಕೂತುಬಿಡುತ್ತಾರೆ.

"ಆಬಿ, ನಿಮ್ಮ ಜಾಗ ಅಲ್ಲಿ!"

"ಅಲ್ಲಿ ಸೆಕೆ ಕಣೆ. ಸರ್ಕೋ ಆ ಕಡೆ."

ಕುಂಜೆಸ್ ಸರಿದು ಜಾಗ ಕೊಡುತ್ತಾರೆ. ನಿಮ್ಮ ಆಸೆ ಏನು ಅಂತ ಅವರನ್ನು ಕೇಳುತ್ತೇನೆ. ಅಂಗೈಯಿಂದ ಪಕ್ಕದ ನೆಲ ಸವರುತ್ತಾರೆ.

"ನಮ್ಮಪ್ಪ ಈ ಮನೇಲಿ ಇದೇ ಜಾಗದಲ್ಲಿ ಕೂರ್ತಿದ್ದ. ಕುಡಿಯೋದ್ರೊಳಗೆ ಚಹಾ ಆರಿ ಬೆಣ್ಣೆ ಗಟ್ಟಿಯಾಗ್ತಿತ್ತು. ಈಗ ಇಲ್ಲಿ ಬೆಚ್ಚಗಿದೆ. ಅಷ್ಟು ಬರ್ಕೊಳ್ಳಿ, ಸಾಕು."