ಮೀನಿನ ಹತ್ತಿರ ಹೂ ಕೇಳಿದ್ದು

ಆ ಬೇಸಿಗೆಯಲ್ಲಿ ನಮ್ಮ ಮನೆಯ ಯಾರಿಗೂ ಒಂದು ಕಡೆ ಕೂರಲು ಆಗುತ್ತಿರಲಿಲ್ಲ. ಅಣ್ಣ ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಡುಮ್ಕಿ ಹೊಡೆದಿದ್ದ, ಜೂನ್‌ನಲ್ಲಿ ಮತ್ತೆ ಬರೆಯಬೇಕಿತ್ತು. ತುಮಕೂರಿನ ಉಪ್ಪಾರಹಳ್ಳಿಯಲ್ಲಿದ್ದ ನಮ್ಮ ಬಾಡಿಗೆ ಮನೆಯ ತಾರಸಿಯ ಮೇಲೆ ಅವನು ಈ ತುದಿಯಿಂದ ಆ ತುದಿಗೆ ನಡೆಯುತ್ತಲೇ ಇರುತ್ತಿದ್ದ. ಕೆಳಗೆ ಅಮ್ಮ ಆ ಹೆಜ್ಜೆ ಸದ್ದು ಕೇಳುತ್ತಾ ಪಾತ್ರೆ ಕುಕ್ಕುತ್ತಿದ್ದಳು. ನಾನು ಏಳನೇ ಕ್ಲಾಸು ಮುಗಿಸಿದ್ದೆ. ಅವರಿಬ್ಬರ ನಡುವೆ ಮೆಟ್ಟಿಲು ಹತ್ತಿ ಇಳಿಯುವುದೇ ನನಗೆ ರಜೆಯ ಕೆಲಸವಾಗಿತ್ತು.

ಅಪ್ಪನದು ಮೋಟರ್ ರಿವೈಂಡಿಂಗ್ ಅಂಗಡಿ. ರೈತರ ಸುಟ್ಟುಹೋದ ಪಂಪ್‌ಸೆಟ್ ಮೋಟರುಗಳನ್ನು ಬಿಚ್ಚಿ, ಕಪ್ಪಗಾದ ತಂತಿ ತೆಗೆದು, ಹೊಸ ತಾಮ್ರದ ತಂತಿ ಸುತ್ತಿಕೊಡುವ ಕೆಲಸ. ಮೋಟರು ಸುಡುವುದೇ ಲೋ ವೋಲ್ಟೇಜಿನಿಂದ. ಹಾಗಾಗಿ ನಮಗೆ ಅ ಆ ಇ ಈ ಬರುವ ಮುಂಚೆ ಬಂದ ಪಾಠ ಒಂದೇ: ಬಲ್ಬು ಮಿಣುಕಿದರೆ ಮೊದಲು ಸ್ವಿಚ್ಚು, ಆಮೇಲೆ ಮಾತು. ಬಲ್ಬು ಕೆಂಪಗಾದ ತಕ್ಷಣ ನಾನು ಫ್ರಿಜ್ಜು ಆಫ್ ಮಾಡಲು ಓಡುತ್ತಿದ್ದೆ, ಅಣ್ಣ ಟೀವಿ ಆಫ್ ಮಾಡಲು. ಊಟದ ತಟ್ಟೆ ಬಿಟ್ಟು ಓಡಿದ್ದಕ್ಕೆ ಬೇರೆ ಮನೆಗಳಲ್ಲಿ ಬೈಯುತ್ತಾರೆ, ನಮ್ಮ ಮನೆಯಲ್ಲಿ ಓಡದಿದ್ದರೆ ಬೈಯುತ್ತಿದ್ದರು.

ಅಣ್ಣನ ಮುಖ ನೋಡಲಾಗದೆ ಮಾವ, ಅಂದರೆ ಅಮ್ಮನ ತಮ್ಮ, ಬೆಂಗಳೂರಿನಿಂದ ಒಂದು ಆಟದ ಮೆಷಿನ್ ತಂದುಕೊಟ್ಟ. ಅಂಗೈಯಗಲ, ಪುಸ್ತಕದಂತೆ ಮಡಚುವುದು. ಅದರಲ್ಲಿ ಒಂದೇ ಆಟ. ಕಾಡು, ಕೆರೆ, ಬಯಲು ಸುತ್ತಿ ವಿಚಿತ್ರ ಪ್ರಾಣಿಗಳನ್ನು ಹಿಡಿಯಬೇಕು, ಸಾಕಬೇಕು, ಜಗಳಕ್ಕೆ ಬಿಡಬೇಕು. ಯಾವ ದೇಶದ ಅಕ್ಷರವೋ, ಒಂದೂ ಓದಲು ಬರುತ್ತಿರಲಿಲ್ಲ. ಬಲಗಡೆ ಒಂದು ಬಟನ್ ಒತ್ತಿದರೆ ಆಟ ಮುಂದಕ್ಕೆ ಹೋಗುತ್ತದೆ, ಅದರ ಪಕ್ಕದ್ದು ಒತ್ತಿದರೆ ಆಗುತ್ತಿರುವುದು ನಿಂತು ಹಿಂದಕ್ಕೆ ಬರುತ್ತದೆ. ಇಷ್ಟನ್ನು ನಾವೇ ಕಂಡುಕೊಂಡಿದ್ದೆವು. ಅದು ನಕಲಿ ಮಾಲು, ಆಡಿದ್ದು ಒಳಗೆ ಉಳಿಯುತ್ತಿರಲಿಲ್ಲ. ಆಫ್ ಆದರೆ ಮೊದಲಿನಿಂದ ಶುರು. ಹಾಗಾಗಿ ಅದನ್ನು ಆಫ್ ಮಾಡುವಂತೆಯೇ ಇರಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಬೆಂಕಿ ಉಗುಳುವ ಪ್ರಾಣಿಯನ್ನೋ ಮಿಂಚು ಬಿಡುವುದನ್ನೋ ಸಾಕುತ್ತಿದ್ದರು. ನಮ್ಮಣ್ಣ ಒಂದು ಮೀನು ಹಿಡಿದ. ಕೆಂಪು ಮೀನು, ಬಾಯಿ ತೆರೆದುಕೊಂಡೇ ಇರುತ್ತಿತ್ತು. ಜಗಳಕ್ಕೆ ಬಿಟ್ಟರೆ ನೆಲದ ಮೇಲೆ ಪಟಪಟ ಒದ್ದಾಡುವುದು ಬಿಟ್ಟು ಬೇರೇನೂ ಮಾಡುತ್ತಿರಲಿಲ್ಲ. ಎದುರಾಳಿಗೆ ಅದರಿಂದ ಒಂದು ಗೀರೂ ಆಗುತ್ತಿರಲಿಲ್ಲ. ಆ ಆಟ ಆಡಿದವರಿಗೆಲ್ಲ ಗೊತ್ತಿದ್ದ ದಂಡಪಿಂಡ ಅದು. ಬೀದಿ ಕೊನೆಯ ಸೈಬರ್ ಸೆಂಟರಿನಲ್ಲಿ ಇದೇ ಆಟವನ್ನು ಕಂಪ್ಯೂಟರಿನಲ್ಲಿ ಆಡುತ್ತಿದ್ದ ಹುಡುಗರು ಹೊಟ್ಟೆ ಹಿಡಿದು ನಕ್ಕರು. ಆದರೆ ಒಬ್ಬ ಹೇಳಿದ, ಇದನ್ನ ಸಾಕ್ತಾನೇ ಹೋದ್ರೆ ಒಂದಿನ ಇಷ್ಟು ದೊಡ್ಡ ಹಾವಿನ ಥರ ಆಗುತ್ತಂತೆ ಅಂತ. ಹೇಗೆ ಆಗುತ್ತದೆ ಎಂದು ಕೇಳಿದರೆ ಅವನೂ ನೋಡಿರಲಿಲ್ಲ.

ಅಷ್ಟು ಸಾಕಾಯಿತು ಅಣ್ಣನಿಗೆ. ತಾರಸಿಯ ಮೇಲೆ ನನ್ನನ್ನು ಕೂರಿಸಿಕೊಂಡು ಹೇಳಿದ, "ನಾನು ಈ ಮೀನಿನ್ ಹತ್ರ ಹೂ ಕೇಳಿದೀನಿ ಕಣೇ. ಇದು ದೊಡ್ಡದಾದ್ರೆ ಮ್ಯಾಥ್ಸ್ ಬರೀತೀನಿ. ಆಗ್ಲಿಲ್ವಾ, ಅಪ್ಪನ ಅಂಗ್ಡೀಲಿ ತಂತಿ ಸುತ್ಕಂಡ್ ಇರ್ತೀನಿ. ಅಮ್ಮಂಗೆ ಹೇಳ್ಬೇಡ."

ಹೂ ಕೇಳುವುದು ನಮ್ಮ ಮನೆತನದ ಅಭ್ಯಾಸ. ಮದುವೆ, ಬೋರ್‌ವೆಲ್, ಹಸು ಕೊಳ್ಳುವುದು, ಎಲ್ಲದಕ್ಕೂ ದೇವರ ಮುಂದೆ ಕೂತು ಕೇಳಿ, ಮೂರ್ತಿಯ ಬಲಗಡೆಯಿಂದ ಹೂ ಬಿದ್ದರೆ ಹೌದು ಎಂದು ಎದ್ದು ಬರುತ್ತಾರೆ. ಅಣ್ಣ ದೇವರನ್ನು ಬಿಟ್ಟು ಮೀನನ್ನು ಹಿಡಿದಿದ್ದ. ನನಗೆ ನಗು ಬರಲಿಲ್ಲ, ಭಯವಾಯಿತು. ಅಂಗಡಿಯಲ್ಲಿ ಕೂರುವುದು ಅವಮಾನ ಎಂದಲ್ಲ. ಅವನು ಪರೀಕ್ಷೆಗೆ ಹೆದರಿ ಅಲ್ಲಿ ಅಡಗಿಕೊಳ್ಳುತ್ತಾನೆ ಎಂದು ನನಗೆ ಗೊತ್ತಿತ್ತು. ಆಮೇಲೆ ಜೀವನವಿಡೀ ಹೀಗೇ ತಾರಸಿ ಅಳೆಯುತ್ತಿರುತ್ತಾನೆ ಅನ್ನಿಸಿತು.

ಮೀನು ಸಾಕಲು ಕರೆಂಟು ಬೇಕು. ತುಮಕೂರಿನಲ್ಲಿ ಕರೆಂಟು ತೆಗೆದಾಗ ಗುಬ್ಬಿಯಲ್ಲಿ ಇರುತ್ತಿತ್ತು, ಗುಬ್ಬಿಯಲ್ಲಿ ತೆಗೆದಾಗ ಕುಣಿಗಲ್ಲಿನಲ್ಲಿ ಇರಬಹುದು ಎಂಬ ಆಸೆ. ಗುಬ್ಬಿಯ ದೊಡ್ಡಮ್ಮನಿಗೆ ಉಪ್ಪಿನಕಾಯಿ ಕೊಟ್ಟು ಬರುತ್ತೇವೆ ಎಂದು ಬಸ್ಸು ಹತ್ತುವುದು, ಆಮೇಲೆ ಖಾಲಿ ಡಬ್ಬಿ ವಾಪಸ್ ತರುವ ನೆಪದಲ್ಲಿ ಮತ್ತೆ ಹತ್ತುವುದು. ಆಡಿದರೆ ಚಾರ್ಜು ಬೇಗ ಇಳಿಯುತ್ತದೆ ಎಂದು ಬಸ್ಸಿನಲ್ಲಿ ಆಡುತ್ತಿರಲಿಲ್ಲ. ಮೆಷಿನ್ ತೆರೆದು ಮಡಿಲಲ್ಲಿ ಇಟ್ಟುಕೊಂಡು, ಅದರ ಪುಟ್ಟ ದೀಪ ಹಸಿರಿನಿಂದ ಕೆಂಪಿಗೆ ತಿರುಗುತ್ತದೇನೋ ಎಂದು ನೋಡುತ್ತಾ ಕೂರುತ್ತಿದ್ದೆವು. ಕೆಂಪಾದರೆ ಅಣ್ಣ ಸೀಟಿನಿಂದೆದ್ದು ಬಾಗಿಲ ಹತ್ತಿರ ನಿಲ್ಲುತ್ತಿದ್ದ, ಅದರಿಂದ ಬಸ್ಸು ಬೇಗ ಹೋಗುತ್ತದೆ ಎನ್ನುವ ಹಾಗೆ.

ಒಂದು ಮಧ್ಯಾಹ್ನ ದೊಡ್ಡಮ್ಮನ ನಡುಮನೆಯಲ್ಲಿ ಪ್ಲಗ್ಗಿಗೆ ಸಿಕ್ಕಿಸಿಕೊಂಡು ಆಡುತ್ತಿದ್ದಾಗ ಅದು ಆಯಿತು. ಮೀನಿನ ಬದಲಿಗೆ ನಮ್ಮ ಇನ್ನೊಂದು ಪ್ರಾಣಿಯಾದ ಹಲ್ಲಿಮರಿ ಜಗಳವೊಂದು ಗೆದ್ದ ಕೂಡಲೇ ಸಂಗೀತ ನಿಂತು, ಪರದೆ ಕಪ್ಪಾಗಿ, ಮೀನು ಬೆಳ್ಳಗೆ ಕಪ್ಪಗೆ ಮಿಣುಕತೊಡಗಿತು. ಮೇಲೆ ಟ್ಯೂಬ್‌ಲೈಟೂ ಮಿಣುಕುತ್ತಿತ್ತು.

"ವೋಲ್ಟೇಜ್ ಕಣೇ, ವೈರ್ ಕೀಳು," ಎಂದ ಅಣ್ಣ. ನಾನು ವೈರು ಕಿತ್ತೆ. ಅವನು ಹಿಂದಕ್ಕೆ ಬರುವ ಬಟನ್ ಒತ್ತಿದ. ಮಿಣುಕು ನಿಂತಿತು. ಅದೇ ಮೀನು, ಅದೇ ತೆರೆದ ಬಾಯಿ. "ಸದ್ಯ ಉಳೀತು," ಎಂದು ಇಬ್ಬರೂ ಉಸಿರು ಬಿಟ್ಟೆವು. ಅಪ್ಪ ನೋಡಿದ್ದರೆ ಬೆನ್ನು ತಟ್ಟುತ್ತಿದ್ದರು.

ಆಮೇಲೆ ತುಮಕೂರಿನಲ್ಲೂ ಹಾಗೇ ಆಯಿತು. ಕುಣಿಗಲ್ಲಿನಾಚೆ ಹುತ್ರಿದುರ್ಗದ ದಾರಿಯಲ್ಲಿರುವ ಅಜ್ಜಿ ಮನೆಗೆ ಹೋದಾಗ ಅಲ್ಲಂತೂ ದಿನಾ ಆಯಿತು. ಆ ಕಡೆ ವೋಲ್ಟೇಜು ಹೇಗೂ ಹಾಳು ಎಂದುಕೊಂಡು ಪ್ರತಿ ಸಲವೂ ಮೀನನ್ನು ಉಳಿಸಿದೆವು. ಮೀನು ಮಾತ್ರ ದೊಡ್ಡದಾಗಲಿಲ್ಲ. ಪರೀಕ್ಷೆ ಹತ್ತಿರ ಬಂತು, ಅಣ್ಣ ಊಟ ಬಿಟ್ಟ.

ಅಜ್ಜಿ ಹಣೆಗೆ ವಿಭೂತಿ ಇಡದೆ ನೀರೂ ಮುಟ್ಟದವಳು. ಮೊಮ್ಮಗ ಮೀನು ಸಾಕುತ್ತಿದ್ದಾನೆ ಎಂದು ತಿಳಿದ ದಿನವೇ ಮೆಷಿನ್ನನ್ನು ದೇವರ ಮನೆಯ ಕಡೆ ತರಬೇಡಿ ಎಂದಿದ್ದಳು. ಅವನು ಊಟ ಬಿಟ್ಟಿದ್ದಕ್ಕೆ ಕಾರಣ ಕೇಳಿದಾಗ ನಾನು ತಡೆಯಲಾರದೆ ಎಲ್ಲ ಹೇಳಿಬಿಟ್ಟೆ. ಅಜ್ಜಿ ಬೈಯಲಿಲ್ಲ. ಅವರೆಕಾಳು ಹಸನು ಮಾಡುತ್ತಲೇ ಅಣ್ಣನಿಗೆ ಹೇಳಿದಳು, "ಹೂ ಬೀಳ್ಲಿಲ್ಲ ಅಂತ ಯಾರಾರ ಅಲ್ಲಿಂದ ಎದ್ದೋಯ್ತಾರೇನ್ಲಾ? ನಿಮ್ಮವ್ವನ ಮದ್ವೆಗೆ ಬೆಳಿಗ್ಗೆಯಿಂದ ಕೂತಿದ್ದೆ. ಬೀಳ್ನಿಲ್ಲ. ಇನ್ನೊಂದ್ ಹೂ ಇಡಪ್ಪಾ ಅಂದೆ ಪೂಜಾರಪ್ಪಂಗೆ. ಅಲ್ಲೀಗಂಟ ಹೋಗಿ ಕೂತ್ಕೊ ಬುಡು. ಬೀಳೋದು ಆಮ್ಯಾಕೆ."

ಅಣ್ಣ ಅಲ್ಲೀಗಂಟ, ಅಂದರೆ ಪರೀಕ್ಷೆಯ ಕೋಣೆಯವರೆಗೆ, ಹೋಗಲು ಮಾತ್ರ ಒಪ್ಪಿದ. ಪರೀಕ್ಷೆಯ ಹಿಂದಿನ ದಿನ ಹೋಗಿ ಶಾಲೆಯ ಬೋರ್ಡಿನಲ್ಲಿ ನಂಬರು ನೋಡಿ ಬಂದ. ರಸ್ತೆ ಕಡೆಯ ಕೋಣೆ, ಕಿಟಕಿ ಪಕ್ಕದ ಡೆಸ್ಕು ಸಿಕ್ಕಿತ್ತು. ಅವನು ಒಳಗೆ ಹೋಗುವವರೆಗೆ ನೋಡಿಕೊಂಡು ಬಾ ಎಂದು ಅಮ್ಮ ಬೆಳಿಗ್ಗೆ ನನ್ನನ್ನೂ ಜೊತೆಗೆ ಕಳಿಸಿದಳು. ಗೇಟಿನ ಎದುರು ಹೊಂಗೆ ಮರದ ಕೆಳಗೆ ನಿಂತು ಗಂಟೆ ಹೊಡೆಯುವವರೆಗೂ ಆಡಿದ. ಆಮೇಲೆ ಮೆಷಿನ್ ನನ್ನ ಕೈಗೆ ಕೊಟ್ಟ.

"ಆಡ್ತಾ ಇರು. ಅರ್ಧ ಗಂಟೆ ಆದ್ಮೇಲೆ ಆಚೆ ಬಿಡ್ತಾರೆ. ಅಷ್ಟರೊಳಗೆ ಮೀನು ದೊಡ್ಡದಾದ್ರೆ ಇಲ್ಲೇ ನಿಂತ್ಕಂಡು ಕೈ ಎತ್ತು. ಇಲ್ಲಾಂದ್ರೆ ಎದ್ ಬಂದ್ಬುಡ್ತೀನಿ."

ಆಟದೊಳಗಿನ ಹುಲ್ಲಿನಲ್ಲಿ ನಡೆದೆ, ಒಂದು ಹಕ್ಕಿ ಎದುರಾಯಿತು. ಅಣ್ಣ ಮಾಡುತ್ತಿದ್ದಂತೆ ಮೀನನ್ನು ಮುಂದೆ ನಿಲ್ಲಿಸಿ, ಕೂಡಲೇ ಒಳಗೆ ಕರೆದು, ಹಲ್ಲಿಮರಿಯನ್ನು ಬಿಟ್ಟೆ. ಅದು ಗೆದ್ದರೆ ಆ ಗೆಲುವಿನಲ್ಲಿ ಮೀನಿಗೂ ಪಾಲು ಸಿಕ್ಕಿ ಬಲ ಏರುತ್ತಿತ್ತು. ಮತ್ತೊಂದು ಹಕ್ಕಿ, ಆಮೇಲೊಂದು ಇಲಿ. ಕಿಟಕಿಯಲ್ಲಿ ಅಣ್ಣನ ತಲೆ ಪ್ರಶ್ನೆಪತ್ರಿಕೆಯ ಮೇಲಿರದೆ ನನ್ನ ಕಡೆಗೇ ತಿರುಗಿತ್ತು. ಪೆನ್ನಿನ ಕ್ಯಾಪು ಹಾಕುತ್ತಿದ್ದ, ತೆಗೆಯುತ್ತಿದ್ದ. ಪುಟ್ಟ ದೀಪ ಕೆಂಪಾಯಿತು. ನನಗೆ ಅಳು ಬಂತು.

ಆಗ ಸಂಗೀತ ನಿಂತು ಮೀನು ಮಿಣುಕತೊಡಗಿತು.

ನಾನು ವೈರು ಕೀಳಲು ಕೈ ಹಾಕಿದೆ. ವೈರು ಇರಲಿಲ್ಲ. ಮರದ ಕೆಳಗೆ ಎಲ್ಲಿಯ ಪ್ಲಗ್ಗು, ಎಲ್ಲಿಯ ವೋಲ್ಟೇಜು. ಇನ್ನೊಂದು ಕೈಯ ಹೆಬ್ಬೆರಳು ಹಿಂದಕ್ಕೆ ಬರುವ ಬಟನ್ ಮೇಲೇ ಇತ್ತು. ಕರೆಂಟಿಲ್ಲದಿದ್ದರೂ ಇದು ಮಿಣುಕುತ್ತಿದೆ ಎಂದಾದರೆ, ಮಿಣುಕುತ್ತಿರುವುದು ಮೀನೇ. ಆ ಬೆರಳನ್ನು ಎತ್ತಲು ನಾನು ಪಟ್ಟ ಕಷ್ಟ ಹೇಳಿದರೆ ಯಾರಿಗೂ ಅರ್ಥವಾಗದು. ಹುಟ್ಟಿದಾಗಿನಿಂದ ಕಲಿತದ್ದೆಲ್ಲ ಒತ್ತು ಒತ್ತು ಎನ್ನುತ್ತಿತ್ತು. ಎತ್ತಿದೆ. ಮೀನು ಇನ್ನೂ ಜೋರಾಗಿ ಮಿಣುಕಿತು, ಉದ್ದವಾಯಿತು, ಪರದೆ ಬೆಳ್ಳಗಾಯಿತು. ಬಿಳುಪು ಸರಿದಾಗ ಅಲ್ಲೊಂದು ನೀಲಿ ಬಣ್ಣದ, ಮೀಸೆಯಿದ್ದ, ಪರದೆ ತುಂಬ ಸುರುಳಿ ಸುತ್ತಿಕೊಂಡ ಭಾರಿ ಪ್ರಾಣಿ ಇತ್ತು. ಬಾಯಿ ಮಾತ್ರ ಹಾಗೇ ತೆರೆದಿತ್ತು.

ನಾನು ಕೈ ಎತ್ತಿದೆ. ಎರಡೂ ಕೈ ಎತ್ತಿದೆ. ಮೆಷಿನ್ ಒಂದು ಸಲ ಕುಂಯ್ ಎಂದು ಆಫ್ ಆಯಿತು. ಆದರೂ ಕೈ ಇಳಿಸಲಿಲ್ಲ. ಕಿಟಕಿಯಲ್ಲಿ ಅಣ್ಣನ ತಲೆ ಬಗ್ಗಿತು, ಕೊನೆಯ ಗಂಟೆಯವರೆಗೆ ಮೇಲೇಳಲಿಲ್ಲ.

ಹೊರಗೆ ಬಂದವನು ಮೆಷಿನ್ ಕಡೆ ಕೈಚಾಚಿದ. ಕಪ್ಪು ಪರದೆ ನೋಡಿದ.

"ನಿಜವಾಗ್ಲೂ ಆಯ್ತಾ?"

"ಆಯ್ತು ಕಣೋ. ಅದು ವೋಲ್ಟೇಜ್ ಅಲ್ಲ. ಮಿಣುಕ್ದಾಗೆಲ್ಲ ಅದು ದೊಡ್ಡದಾಗಕ್ಕೆ ಹೊರಟಿತ್ತು. ನಾವೇ ಬಟನ್ ಒತ್ತಿ ನಿಲ್ಲಿಸ್ತಿದ್ವಿ."

ಅಣ್ಣ ಹೊಂಗೆ ಮರದ ಬುಡದಲ್ಲಿ ಕೂತುಬಿಟ್ಟ. "ಗುಬ್ಬೀಲೂನಾ?"

"ಗುಬ್ಬೀಲೂ. ಅಜ್ಜಿ ಮನೇಲಂತೂ ದಿನಾ."

ಅವನು ನಗಲಿಲ್ಲ. "ಪಾಪ ಕಣೇ," ಎಂದ. ಕಪ್ಪು ಪರದೆಯನ್ನು ಹೆಬ್ಬೆರಳಿನಿಂದ ಒರೆಸುತ್ತಾ, "ಹಲ್ಲಿಮರೀನೂ ಒಂದ್ಸಲ ಮಿಣುಕಿತ್ತು," ಎಂದ.

ಆ ಪರೀಕ್ಷೆಯಲ್ಲಿ ಅವನು ಹೇಗೋ ದಡ ಸೇರಿದ. ಆದರೆ ನನಗೆ ನೆನಪಿರುವುದು ಪರೀಕ್ಷೆ ಬರೆದ ದಿನದ ಸಂಜೆ. ಎಲ್ಲರೂ ಊಟಕ್ಕೆ ಕೂತಿದ್ದೆವು. ತಲೆಯ ಮೇಲಿನ ಬಲ್ಬು ಮಿಣುಕತೊಡಗಿತು. ಅಭ್ಯಾಸಬಲದಿಂದ ನಾನು ಎದ್ದು ಫ್ರಿಜ್ಜಿಗೆ ಓಡಿದೆ. ಅಪ್ಪ ಅಣ್ಣನಿಗೆ, "ಏನ್ಲಾ ಕೂತಿದೀಯಾ, ಟೀವಿ ಆಫ್ ಮಾಡು," ಎಂದು ಗದರಿದರು. ಅಷ್ಟು ದಿನ ಒಂದು ಕಡೆ ಕೂರದ ಅಣ್ಣ ತಟ್ಟೆಯ ಮುಂದೆ ಅಲುಗಾಡದೆ ಕೂತು ಬಲ್ಬನ್ನೇ ನೋಡುತ್ತಿದ್ದ.

"ಇರಪ್ಪ," ಎಂದ, "ಒಂದ್ನಿಮ್ಷ ನೋಡಣ."